ಕ್ಯಾಮರಾ ಮಾತ್ರೆಯ ವರದಿ

ಬಂಟ್ವಾಳ

ಜಗನ್ನಾಥ ಭಾವನವರಿಗೆ,

“ಧರ್ಮಸ್ಥಳದಲ್ಲಿ ಆಣೆ ಹಾಕಿದವ ಪುನಃ ಕುಡಿದರೆ ಹೊಟ್ಟೆಯಿಂದ ರಕ್ತ ಹೋಗದೆ ಇನ್ನೆಂತ ಆಗ್ತದೆ ಮಾರಾಯ್ತಿ?” ಎಂದು ಮೊದಲ ಸಲ ರಕ್ತ ಹೋದಾಗ ನೀವು ಆಸ್ಪತ್ರೆಯಲ್ಲಿ ಎಲ್ಲರೆದುರು ನನಗೆ ಅಂದಿರಿ. ಕುಟುಂಬದವರು ನಂಬಿದರು. ನಿಮ್ಮ ತಮ್ಮನನ್ನು, ನನ್ನ ಗಂಡನನ್ನು, ಮನೆತನದ ದೈವಕ್ಕೆ ಪೂಜೆ ನಡೆಯುವ ಚಾವಡಿ ಹತ್ತಲು ಬಿಡಲಿಲ್ಲ. ಅವರು ಆಣೆ ಮುರಿದವನೆಂಬ ಹೆಸರು ಹೊತ್ತೇ ತೀರಿಕೊಂಡರು.

ಕೊನೆಯ ವಾರ ಕರುಳಿನ ಒಳಗಿನ ಚಿತ್ರ ತೆಗೆಯಲು ಡಾಕ್ಟರು ಅವರಿಗೆ ನುಂಗಿಸಿದ ಕ್ಯಾಮರಾ ಮಾತ್ರೆಯ ವರದಿ ನಿನ್ನೆ ಸಿಕ್ಕಿತು. ಹಿಂದಿನ ಕುಡಿತದಿಂದ ಲಿವರ್ ಗಟ್ಟಿಯಾದವರಿಗೆ ಅಪರೂಪಕ್ಕೆ ಸಣ್ಣ ಕರುಳಿನ ರಕ್ತನಾಳವೂ ಉಬ್ಬಿ ಒಡೆಯುತ್ತದಂತೆ. ಅವರಿಗೆ ಆದದ್ದು ಅದೇ. ಅದಕ್ಕೆ ಪುನಃ ಕುಡಿಯಬೇಕೆಂದಿಲ್ಲ. ಆಣೆ ಹಾಕಿದ ಮೇಲೆ ನಾಲ್ಕು ವರ್ಷದಿಂದ ಅವರು ಒಂದು ತೊಟ್ಟೂ ಮುಟ್ಟಿರಲಿಲ್ಲ.

ವರದಿಯನ್ನು ಕನ್ನಡದಲ್ಲಿ ಬರೆಸಿದ್ದೇನೆ. ಭಾನುವಾರ ಅವರ ಬೊಜ್ಜದ, ಉತ್ತರಕ್ರಿಯೆಯ ಊಟಕ್ಕೆ ಪ್ರತಿಯೊಂದು ಎಲೆಯ ಪಕ್ಕ ಒಂದೊಂದು ಪ್ರತಿ ಇಡಿಸುತ್ತೇನೆ. ಕನ್ನಡಕ ತನ್ನಿ. ನಿಮ್ಮ ಎಲೆಯನ್ನು ಯಾರ ಎದುರು ಹಾಕಿಸಲಿ?

ಕಾಂತಿ