ಕಚ್ಚಿಟ್ಟ ರೊಟ್ಟಿ

ಮಾರ್ಚ್ 3, ಓಶ್. ಬೆಳಿಗ್ಗೆ 7

ಚಹಾ ಆರಿಹೋಯಿತು. ಮಗ ಉಗ್ರರ ಜೊತೆ ಸೇರಿದ ಮನೆಗಳಲ್ಲಿ ಇವತ್ತು ಹನ್ನೊಂದನೆಯದು. ಅದೇ ಪ್ರಶ್ನೆಪಟ್ಟಿ, ಅದೇ ಉತ್ತರ — "ರಷ್ಯಾಕ್ಕೆ ಕೆಲಸಕ್ಕೆ ಅಂತ ಹೋದ, ಆಮೇಲೆ ನೋಡಿದ್ರೆ ಸಿರಿಯಾದಲ್ಲಿದ್ದ." ಪೊಲೀಸರು ನಂಬುವುದಿಲ್ಲ. ಹುಡುಗ ಇಲ್ಲೇ ನಿರ್ಧರಿಸಿದ್ದ, ತಾಯಿ ಮುಚ್ಚಿಟ್ಟಳು ಅನ್ನುತ್ತಾರೆ. ವಾರವಾರ ಆ ತಾಯಂದಿರಿಗೆ ಠಾಣೆ. ಮನಸ್ಸು ತಿರುಗಿದ್ದು ಇಲ್ಲೋ, ಅಲ್ಲೋ? ಅಳೆಯುವುದು ಹೇಗೆ? 27ಕ್ಕೆ ರಾಜಧಾನಿ ಬಿಷ್ಕೆಕ್‌ನಲ್ಲಿ ಉಗ್ರವಾದದ ಬಗ್ಗೆ ತಜ್ಞರ ಸಭೆ. ನನ್ನ ಕೈಯಲ್ಲಿ ಸೊನ್ನೆ.

ಮಾಸ್ಕೋದಿಂದ ತಮ್ಮ ಅದಿಲೆತ್‌ನ ಮೆಸೇಜ್: "ಏನ್ರೀ ಪ್ರೊಫೆಸರಮ್ಮ, ಉಗ್ರರು ಸಿಕ್ಕಿದ್ರಾ?" ಕತ್ತೆ. ಜನವರಿಯಲ್ಲಿ ಹೋದವನು, ಇನ್ನೂ ಕೆಲಸ ಹುಡುಕುತ್ತಿದ್ದಾನಂತೆ.

ಅದೇ ದಿನ, ಸಂಜೆ

ಸಿಕ್ಕಿತು! ಸಿಕ್ಕಿತು!

ಬುರುಲ್ ಅಕ್ಕನ ಮನೆ. ಗೋಡೆಯ ಮೊಳೆಗೆ ಒಣಗಿದ ರೊಟ್ಟಿ, ಅಂಚಿನಲ್ಲಿ ಹಲ್ಲಿನ ಗುರುತು. ಕೈ ಚಾಚಿದೆ. "ಮುಟ್ಬೇಡ ಕಣೇ! ನನ್ ಮಗ ಕಚ್ಚಿಟ್ಟಿದ್ದು. ಬಂದು ಅವನೇ ತಿಂತಾನೆ."

ಊರು ಬಿಡುವವರು ಒಂದು ತುತ್ತು ಕಚ್ಚಿಡುವುದು, ಉಳಿದದ್ದನ್ನು ಮರಳಿ ಬಂದು ತಿನ್ನುವುದು — ಹುಟ್ಟಿದಾಗಿನಿಂದ ನೋಡಿದ್ದೇನೆ. ಪ್ರಶ್ನೆಪಟ್ಟಿಗೆ ಸೇರಿಸಲು ಹೊಳೆಯಲಿಲ್ಲ. ಪೆದ್ದಿ! ಬರುವ ಮನಸ್ಸೇ ಇಲ್ಲದವನು ಕಚ್ಚುತ್ತಾನೆಯೇ? ಅಮ್ಮನಿಗೆ ಸುಳ್ಳು ಹೇಳಿಯಾನು. ರೊಟ್ಟಿಗೆ ಹೇಳುವವರು ನಮ್ಮಲ್ಲಿಲ್ಲ.

ಮಾರ್ಚ್ 14

ಹಳೆಯ ಮನೆಗಳಿಗೂ ಮತ್ತೆ ಹೋದೆ. ಒಟ್ಟು ಇಪ್ಪತ್ತಮೂರು. ಕಾಲು ಬಿದ್ದುಹೋಗಿವೆ.

ಕಚ್ಚಿದವರು ಹದಿನೇಳು. ಕಚ್ಚದವರು ಆರು. ಆ ಆರೂ ಜನ "ಕಾಯಬೇಡಿ" ಎಂದು ಚೀಟಿ ಬಚ್ಚಿಟ್ಟು ಹೋಗಿದ್ದರು, ತಿಂಗಳ ಮೇಲೆ ಸಿಕ್ಕಿತು. ಕಚ್ಚಿದ ಹದಿನೇಳು ಮನೆಗಳಲ್ಲಿ ಒಂದೂ ಚೀಟಿ ಇಲ್ಲ! ಅಂದರೆ ಅವರು ನಿಜಕ್ಕೂ ದುಡಿಯಲು ಹೋದವರು. ಮನಸ್ಸು ಕೆಟ್ಟದ್ದು ರಷ್ಯಾದಲ್ಲಿ.

ಆ ಆರು ತಾಯಂದಿರಿಗಾದರೂ ಏನು ಗೊತ್ತಿತ್ತು... ಜುರಾ ಅಕ್ಕ ಹೇಳಿದ್ದು: "ಹಲ್ಲುನೋವು ಅಂದ. ಪಾಪ ಅಂತ ನಾನೂ ಬಲವಂತ ಮಾಡ್ಲಿಲ್ಲ." ಆ ರೊಟ್ಟಿ ಸುಟ್ಟುಕೊಟ್ಟವಳೂ ಅವಳೇ.

ಕುಣಿದೆ. ಕೆಳಗಿನ ಮನೆಯವರು ಚಾವಣಿ ಕುಟ್ಟಿದರು. ಕುಟ್ಟಲಿ!

ಮಾರ್ಚ್ 18

ಸಭೆಯ ಹೊಣೆ ಹೊತ್ತ ಪ್ರೊಫೆಸರ್ ಸೆಯಿತ್‌ಬೆಕ್ ಫೋನಿನಲ್ಲಿ ನಕ್ಕರು. "ಏನಮ್ಮಾ, ಉಗ್ರವಾದದ ಸಭೆಗೆ ಬೇಕರಿ ತರ್ತೀಯಾ?" ಅಂಕಿ ಹೇಳಿದೆ. ನಗು ನಿಂತಿತು. "ಹತ್ತು ನಿಮಿಷ ಸಾಲದು, ಅರ್ಧ ಗಂಟೆ ತಗೋ. ಆದ್ರೆ ಒಂದು ಫೋಟೊ ಬೇಕು. ಈ ಸೂಟಿನವರು ಕಣ್ಣಲ್ಲಿ ನೋಡದೆ ನಂಬಲ್ಲ."

ಅರ್ಧ ಗಂಟೆ!! ಆದರೆ ಫೋಟೊ? ದೃಷ್ಟಿಯಾಗುತ್ತದೆಂದು ಯಾರೂ ಬಿಡುವುದಿಲ್ಲ.

ಅಯ್ಯೋ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು... ನಮ್ಮ ಮನೆಯಲ್ಲೇ ಇದೆಯಲ್ಲ, ಅದಿಲೆತ್‌ನದು! ಅವನು ಹೊರಟ ದಿನ ನಾನು ಇಲ್ಲಿ ಜ್ವರದಲ್ಲಿದ್ದೆ, ನೋಡಿಲ್ಲ. ನೌರುಜ್ ಹಬ್ಬಕ್ಕೆ ಅಮ್ಮನಿರುವ ನೂಕತ್‌ಗೆ ಹೋಗುವುದೇ ಇದೆ.

ಮಾರ್ಚ್ 21, ನೂಕತ್. ಮಧ್ಯಾಹ್ನ 3:10

ಅಮ್ಮ ಅಂಗಳದಲ್ಲಿ ತಂದೂರಿನ ಮುಂದೆ. ಕ್ಯಾಮೆರಾ ಹಿಡಿದು ಮೊಳೆಯಿಂದ ಗಂಟು ಇಳಿಸಿದೆ. ಬಟ್ಟೆ ಬಿಚ್ಚಿದೆ. ರೊಟ್ಟಿ ತಿರುಗಿಸಿದೆ. ಮತ್ತೆ ತಿರುಗಿಸಿದೆ.

ಇಡಿಯಾಗಿದೆ.

"ಅಮ್ಮಾ, ಇವನು ಕಚ್ಚಲಿಲ್ವಾ?"

"ಹಲ್ಲುನೋವು ಅಂದ ಕಣೇ. ಬಂದ್ಮೇಲೆ ತಿಂತಾನೆ ಬಿಡು."

ಅಮ್ಮನಿಗೆ ಏನೂ ಹೇಳಿಲ್ಲ.

3:25

ಅದಿಲೆತ್‌ನ ಫೋನ್ ಸ್ವಿಚ್ಡ್ ಆಫ್. ಮತ್ತೆ. ಮತ್ತೆ.

3:40

ರಿಂಗ್ — ಎತ್ತಿದ! ಮಾಸ್ಕೋದಲ್ಲೇ ಇದ್ದಾನೆ. ಏರ್‌ಪೋರ್ಟ್. ಎಲ್ಲಿಗೆ ಅಂದರೆ ಹೇಳುತ್ತಿಲ್ಲ. ಬೈಯಲಿಲ್ಲ ನಾನು, ಅಳಲೂ ಇಲ್ಲ. ರೊಟ್ಟಿ ನನ್ನ ತೊಡೆಯ ಮೇಲಿದೆ ಅಂದೆ. ಬಂದು ಒಂದು ತುತ್ತು ಕಚ್ಚಿಟ್ಟು ಆಮೇಲೆ ಎಲ್ಲಿಗಾದರೂ ಹೋಗು ಅಂದೆ.

ಫೋನ್ ಇಟ್ಟಿಲ್ಲ. ಈಗ "ಅಕ್ಕಾ" ಅಂದ, "ಅಮ್ಮನಿಗೆ ಏನೂ ಹೇಳ್ಬೇಡ. ರೊಟ್ಟಿ ಎತ್ತಿಡು, ಬಂದು ಕಚ್ತೀನಿ."