ಹವಳದ ಕೋಣೆಯ ತಂಪು

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಹೆಂಡತಿ, ಮಗಳು ಗುಂಡಮ್ಮ ಪ್ರವಾಸದಲ್ಲಿ ಕ್ಷೇಮವೇ? ನಿನ್ನ ಮೀನುಗಳೂ ಹವಳಗಳೂ ಚೆನ್ನಾಗಿವೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ತೊಟ್ಟಿಯ ನೀರು ಇಪ್ಪತ್ತಾರು ಡಿಗ್ರಿ ದಾಟಿಲ್ಲ. ಆವಿಯಾದಷ್ಟು ಸಿಹಿನೀರನ್ನು ದಿನವೂ ತುಂಬುತ್ತಿದ್ದೇನೆ, ನೀನು ಹೇಳಿದಂತೆ ಉಪ್ಪು ಬೆರೆಸಿಲ್ಲ.

ತಗಡು ಹೊದಿಸಿದ ಕೋಣೆಯಲ್ಲಿ ಅಮ್ಮ ಬೇಯುತ್ತಿದ್ದಳು. ಅವಳ ಮಂಚವನ್ನು ಏಸಿ ಇರುವ ಮೀನಿನ ಕೋಣೆಗೆ ಹಾಕಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. "ಬೇಡಕ್ಕಾ, ಬಾಗಿಲು ತೆಗೆದು ಹಾಕಿ ಮಾಡಿದ್ರೆ ನೀರು ಕಾಯುತ್ತೆ. ಅಮ್ಮನಿಗೆ ಸೆಕೆ ಅಭ್ಯಾಸ, ಹವಳಕ್ಕಿಲ್ಲ" ಅಂದೆ ನೀನು. ನಾನು ಅಮ್ಮನಿಗೆ ಹಾಗೇ ಹೇಳಿದೆ. ನಕ್ಕಳು. "ಮುಂದಿನ ಜನ್ಮದಲ್ಲಿ ಅವನ ಮೀನಾಗಿ ಹುಟ್ತೀನಿ ಬಿಡೇ" ಅಂದಳು.

ಮನೆ ನಿನ್ನದು, ಮಾತು ಮೀರಬಾರದೆಂದು ಮಂಚವನ್ನು ಅಲ್ಲೇ ಬಿಟ್ಟೆ. ತಪ್ಪು ನನ್ನದೂ ಹೌದು. ನಿನ್ನೆ ಮಧ್ಯಾಹ್ನ ಅವಳು ಹೋಗಿಬಿಟ್ಟಳು.

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಆ ಕಡೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನು ಬರುವವರೆಗೆ ಕೆಡದಿರಲೆಂದು ಅಮ್ಮನನ್ನು ತೊಟ್ಟಿಯ ಪಕ್ಕದಲ್ಲೇ ಮಲಗಿಸಿದ್ದೇನೆ. ಅವಳನ್ನು ಒಳಗೆ ತರಲು ಬಾಗಿಲು ಒಂದೇ ಸಲ ತೆಗೆದದ್ದು. ಇನ್ನೆಷ್ಟು ದಿನ ಇಟ್ಟುಕೊಂಡಿರಲಿ, ಬೇಗ ಬರೆ.

ನಿನ್ನ ಅಕ್ಕ