ಬೆಳಗ್ಗೆ ಆರಕ್ಕೆ, ಪುಣೆಯಿಂದ

ಜೂನ್ 10, ಸೋಮವಾರ

ಬೆಳಗಿನ ವರದಿ ಬಂತು. ಎಲ್ಲ ಸೈಟುಗಳೂ ಎದ್ದಿವೆ. ದಿನಾ ಬೆಳಗ್ಗೆ ಆರಕ್ಕೆ, ಸಂಜೆ ಏಳಕ್ಕೆ ಒಂದು ಪುಟ್ಟ ಪ್ರೋಗ್ರಾಂ ನನ್ನ ಗಿರಾಕಿಗಳ ಪುಟಗಳನ್ನು ಒಂದೊಂದಾಗಿ ತೆರೆದು ನೋಡುತ್ತದೆ. ತೆರೆಯದಿದ್ದರೆ ನನಗೆ ಹೇಳುತ್ತದೆ. ಬಾಗಿಲಿಗೆ ನೀರು ಹಾಕುವ ಹೊತ್ತು, ದೀಪ ಹಚ್ಚುವ ಹೊತ್ತು — ನಾನೇ ಆರಿಸಿದ್ದು.

ಕಾಲೇಜಿನ ಗೆಸ್ಟ್ ಲೆಕ್ಚರರ್ ಕೆಲಸ ಹೋದ ಮೇಲೆ ಕಲಿತ ವಿದ್ಯೆ ಇದು. ದೊಡ್ಡ ಕಂಪನಿಯ ಸರ್ವರಿನಲ್ಲಿ ಜಾಗ ಹಿಡಿದು, ವಠಾರದ ಹಾಗೆ ಕೋಣೆ ಕೋಣೆ ಮಾಡಿ, ಬೇಕಾದವರ ವೆಬ್‌ಸೈಟಿಗೆ ಬಾಡಿಗೆಗೆ ಕೊಡುವುದು. ತುಮಕೂರಿನ ಬಟವಾಡಿಯ ಕ್ಲಿನಿಕ್ಕಿನ ಮೇಲಿನ ಈ ಮನೆಯೇ ಆಫೀಸು.

ಎಂಟಕ್ಕೆ ಕೊಬ್ಬರಿ ವ್ಯಾಪಾರದ ಕರಿಬಸವಯ್ಯನವರ ಫೋನು. "ಮೇಡಂ, ನಮ್ ವೆಬ್‌ಸೈಟು ಸತ್ತೋಗದೆ." ವಿಚಾರಿಸಿದರೆ ಅವರ ನೆಟ್ ಪ್ಯಾಕ್ ಮುಗಿದಿತ್ತು.

ಅಂಗಡಿಗೆ ಹೊರಟಿದ್ದ ನಮ್ಮ ಯಜಮಾನರು ಚಪ್ಪಲಿ ಮೆಟ್ಟುತ್ತ, "ಸತ್ತೋರ್ನೆಲ್ಲ ಎಬ್ಬಿಸ್ತೀಯ. ನನಗೊಂದು ಲೋಟ ಕಾಫಿ ಗತಿ ಇಲ್ಲ" ಎಂದರು.

ಮಧ್ಯಾಹ್ನ ಮಂಗಳಗೌರಿ ಬಂದಿದ್ದಳು. ಗುಬ್ಬಿ ಕಡೆಯ ಹಾಗಲವಾಡಿಯವಳು, ಅಂಗನವಾಡಿ ಸಹಾಯಕಿ. ತಾಯಿ ಹೋದ ಮೇಲೆ ತಮ್ಮ ಕನಕರಾಜನನ್ನು ಸಾಕಿದವಳು ಇವಳೇ. ಕುಣಿಗಲ್ಲಿನ ಗ್ಯಾರೇಜಿನ ಕೆಲಸ ಬಿಟ್ಟು ಅವನು ಮನೆಗೆ ಬಂದ ದಿನ, "ದುಡಿಯೋ ತನ್ಕ ಈ ಹೊಸ್ಲು ತುಳೀಬೇಡ" ಅಂದುಬಿಟ್ಟಳಂತೆ. ತುಳಿದಿಲ್ಲ. ಎರಡು ವರ್ಷ ಆಯಿತು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಂಡಿದ್ದೇ ಕೊನೆ.

ನನ್ನ ವಠಾರದಲ್ಲಿ ಎಲ್ಲಕ್ಕಿಂತ ಸಣ್ಣ ಕೋಣೆ ಅವಳದು. ಒಂದೇ ಪುಟ. ಅವನ ಫೋಟೋ, ಇವಳ ಫೋನ್ ನಂಬರು, ಕೆಳಗೆ ಒಂದು ಸಾಲು: ಕನಕ, ಮನೆಗೆ ಬಾ, ಯಾರೂ ಏನೂ ಅನ್ನಲ್ಲ.

"ಯಾರಾದ್ರೂ ನೋಡ್ತಾವ್ರಾ ಅಕ್ಕ?" ಎಂದಳು. ಪುಟವನ್ನು ಯಾವ ಊರಿನಿಂದ, ಯಾವ ಹೊತ್ತಿಗೆ ತೆರೆದರು ಎಂದು ತೋರಿಸುವ ಲೆಕ್ಕವನ್ನು ಅವಳ ಫೋನಿಗೇ ಹಾಕಿಕೊಟ್ಟೆ. ಖುಷಿಯಿಂದ ಹೋದಳು. ನನಗೂ ಖುಷಿ.

ಜೂನ್ 19, ಬುಧವಾರ

ಗೌರಿಯ ಫೋನು. ಉಸಿರು ಮೇಲೆ ಕೆಳಗೆ.

"ಅಕ್ಕ, ಪುಣೇಲಿ ಯಾರೋ ದಿನಾ ನೋಡ್ತಾವ್ರೆ. ಬೆಳಗ್ಗೆ ಆರಕ್ಕೆ ಒಂದ್ಸಲ, ಸಾಯಂಕಾಲ ಏಳಕ್ಕೆ ಒಂದ್ಸಲ. ಒಂದಿನಾನೂ ತಪ್ಸಿಲ್ಲ."

"ಹೌದಾ..."

"ಅವ್ನು ಡೈರಿಗೆ ಹಾಲು ಹಾಕೋಕೆ ಹೋಗ್ತಿದ್ದಿದ್ದು ಅದೇ ಹೊತ್ಗೆ ಅಕ್ಕ. ಮೈಗೆ ಅಭ್ಯಾಸ ಆಗೋಗಿರ್ತೈತೆ. ಬೇರೆ ಯಾರು ಹಂಗೆ ನೋಡ್ತಾರೆ, ನೀವೇ ಹೇಳಿ."

ಒಳ್ಳೇದಾಗಲಿ ಗೌರಿ ಎಂದೆ. ಫೋನ್ ಇಟ್ಟ ಮೇಲೆ ಹೊಳೆಯಿತು. ಆರು. ಏಳು. ನನ್ನ ಆ ಪ್ರೋಗ್ರಾಂ ಓಡುವ ಬಾಡಿಗೆಯ ಯಂತ್ರ ಇರುವುದು ಪುಣೆಯಲ್ಲಿ.

ದಿನಾ ತಪ್ಪದೆ ನೋಡುತ್ತಿರುವುದು ನಾನು. ನಾನೂ ಅಲ್ಲ — ನನ್ನ ಯಂತ್ರ.

ನಾಳೆ ಹೇಳುತ್ತೇನೆ.

ಜೂನ್ 20

ಹೇಳಲೆಂದೇ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ — "ಅಕ್ಕ, ಬರ್ಕೊಳಿ. ಹೆಂಗೂ ಓದ್ತಾನಲ್ಲ, ಆ ಪೇಜ್‌ನಾಗೆ ಹಾಕಿ. ಕೆಂದ ಹಸು ಕರು ಹಾಕೈತೆ. ಹೆಣ್ಗರು. ಹೆಸ್ರಿಟ್ಟಿಲ್ಲ. ನೀನೇ ಬಂದು ಇಡು."

ಬರೆದುಕೊಂಡೆ. ಹಾಕಿದೆ.

ಜುಲೈ 23

ಒಂದು ತಿಂಗಳಿಂದ ಇದೇ. ವಾರಕ್ಕೆರಡು ಸಲ ಫೋನು, ಪ್ರತಿ ಸಲವೂ ಒಂದೆರಡು ಸಾಲು. ಪುಟ ಉದ್ದವಾಗುತ್ತಿದೆ.

ರಾಗಿ ಬಿತ್ತಿದೀವಿ. ಹಿಂದ್ಲ ಗೋಡೆಗೆ ಗಾರೆ ಮಾಡಿಸ್ದೆ. ನಿನ್ನ ಬೈಕ್‌ನ ಜುಂಜಪ್ಪ ಕೇಳ್ದ, ಕೊಡ್ಲಿಲ್ಲ. ನೀನು ಅಲ್ಲಿ ಏನು ತಿಂತೀಯ, ಅನ್ನಾನೋ ರೊಟ್ಟೀನೋ.

ಅವಳು ಹೇಳಿದ ಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ. ಆಮೇಲೆ ಕವಿತೆಯ ಪುಸ್ತಕ ಹಿಡಿದರೆ ಒಂದು ಪುಟವೂ ಮುಂದೆ ಹೋಗುವುದಿಲ್ಲ. ಮಡಿಸಿಡುತ್ತೇನೆ.

ಊಟದ ಹೊತ್ತಿನಲ್ಲಿ ಇವರಿಗೆ ಎಲ್ಲ ಹೇಳಿದೆ. ತಟ್ಟೆಯಲ್ಲಿ ಬೆರಳು ನಿಂತಿತು.

"ಹೇಳ್ಬಿಡು ಕಣೇ. ದಿನ ಹೋದಷ್ಟೂ ಕಷ್ಟ."

"ಅವಳ ದನಿ ನೀವು ಕೇಳಿಲ್ಲ."

"ಕೇಳಿಲ್ಲ. ಅದಕ್ಕೇ ಹೇಳೋಕಾಗ್ತಿದೆ ನನಗೆ."

ಆಗಸ್ಟ್ 12

ಒಂದು ಉಪಾಯ ತೋಚಿತು. ಅವಳ ಪುಟವನ್ನು ಮಾತ್ರ ಪ್ರೋಗ್ರಾಮಿನಿಂದ ತೆಗೆದೆ. ಉಳಿದವರ ಬಾಗಿಲು ತಟ್ಟುತ್ತದೆ, ಅವಳದು ತಟ್ಟುವುದಿಲ್ಲ. ಪುಣೆ ತಾನಾಗಿ ನಿಂತುಹೋಗುತ್ತದೆ. ಬೇಸರ ಆಗಬಹುದು, ನಿಧಾನಕ್ಕೆ ಮರೆಯಬಹುದು. ನಾನು ಏನೂ ಹೇಳಬೇಕಾಗಿಲ್ಲ.

ಬರೆದ ಮೇಲೆ ಓದಿಕೊಂಡೆ. ಹೇಡಿತನಕ್ಕೆ ಎಷ್ಟು ನುಣುಪಾದ ವಾಕ್ಯಗಳು.

ಆಗಸ್ಟ್ 13, ಬೆಳಗ್ಗೆ 6.20

"ಅಕ್ಕ, ಇವತ್ತು ನೋಡಿಲ್ಲ ಅವ್ನು."

ಸಂಜೆ

"ಈಗ್ಲೂ ಇಲ್ಲ. ಜ್ವರಗಿರ ಬಂದೈತೋ ಏನೋ. ಅಲ್ಲಿ ಮಳೆ ಜಾಸ್ತಿಯಂತೆ."

ಪ್ರೋಗ್ರಾಮಿನಲ್ಲಿ ಅವಳ ಪುಟದ ಮುಂದೆ ಮತ್ತೆ ಒಂದು ಗುರುತು ಹಾಕಿದರೆ ಸಾಕು, ನಾಳೆ ಬೆಳಗ್ಗೆ ಆರಕ್ಕೆ ಅವನ ಜ್ವರ ಬಿಡುತ್ತದೆ. ಮೌಸ್ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಹಾಕಲಿಲ್ಲ. ಹೇಳಲೂ ಇಲ್ಲ.

ಆಗಸ್ಟ್ 17, ಶನಿವಾರ

ಹತ್ತು ಗಂಟೆಗೆ ಫೋನು. ಹಿಂದೆ ರೈಲಿನ ಅನೌನ್ಸ್‌ಮೆಂಟು. "ಅಕ್ಕ, ತುಮ್ಕೂರ್ ಸ್ಟೇಷನ್ನಾಗಿದೀನಿ. ಪುಣೆಗೆ ಹೋಗ್ತಿದೀನಿ. ಪುಣೇಲಿ ಯಾವ ಏರಿಯಾ ಅಂತ ನಿಮ್ ಕಂಪ್ಯೂಟರ್‌ನಾಗೆ ಗೊತ್ತಾಗ್ತೈತಲ್ಲ, ವಸಿ ನೋಡಿ ಹೇಳಿ."

ಅಲ್ಲೇ ಇರು ಎಂದೆ. ಆಟೋ ಹತ್ತಿದೆ.

ಬೆಂಚಿನ ಮೇಲೆ ಕೂತಿದ್ದಳು, ಕಾಲ ಹತ್ತಿರ ಒಂದು ಬ್ಯಾಗು. ಪಕ್ಕ ಕೂತೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ.

"ಪುಣೇಲಿ ಇರೋದು ನನ್ನ ಮಷೀನು ಗೌರಿ. ಎಲ್ಲರ ಸೈಟೂ ನಡೀತಿದೆಯಾ ಅಂತ ನೋಡೋಕೆ ನಾನೇ ಇಟ್ಟಿರೋದು. ಆರಕ್ಕೂ ಏಳಕ್ಕೂ ನೋಡು ಅಂತ ನಾನೇ ಹೇಳಿರೋದು. ಈ ವಾರ ನಾನೇ ನಿಲ್ಲಿಸ್ದೆ."

ಅರ್ಥವಾಗಲು ಹೊತ್ತು ಹಿಡಿಯಿತು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹಂಗಾರೆ ಅವ್ನು ಒಂದಿನಾನೂ ನೋಡಿಲ್ವಾ?"

"ಅದು ಗೊತ್ತಿಲ್ಲ. ಪುಣೆಯಿಂದ ನೋಡಿದ್ದು ಅವನಲ್ಲ."

"ಕರು ಹಾಕಿದ್ದೂ ಗೊತ್ತಿಲ್ಲ ಅವ್ನಿಗೆ."

ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮಗೆ ಯಾವಾಗಿಂದ ಗೊತ್ತು ಅಕ್ಕ?"

"ನೀನು ಮೊದಲು ಫೋನ್ ಮಾಡಿದ್ಯಲ್ಲ, ಆವತ್ತಿಂದ."

"ಗೊತ್ತಿದ್ದೂ ಬರ್ಕೊಂಡ್ರಲ್ಲ."

ಬ್ಯಾಗಿನ ಜಿಪ್ಪು ತೆಗೆದು ಒಂದು ಡಬ್ಬಿ ನನ್ನ ಮಡಿಲಿಗಿಟ್ಟಳು. "ಕಜ್ಜಾಯ. ಅವ್ನಿಗಂತ ಮಾಡಿದ್ದು. ವಾಪಸ್ ಮನೆಗೆ ಒಯ್ಯಕ್ಕಾಗಲ್ಲ." ಗುಬ್ಬಿ ಬಸ್ಸಿಗೆ ಹೋಗುತ್ತೇನೆಂದು ಎದ್ದಳು. ಬಸ್‌ಸ್ಟ್ಯಾಂಡಿನವರೆಗೂ ಬರುತ್ತೇನೆ ಎಂದೆ. ಬೇಡ ಬುಡಿ ಎಂದಳು.

ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿದೆ. ಇವರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಸೆಪ್ಟೆಂಬರ್ 30

ಗೌರಿಯ ಫೋನಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ.

ಕರಿಬಸವಯ್ಯನವರು ಈ ವರ್ಷ ಸೈಟು ಬೇಡ ಎಂದರು. "ಎಲ್ಲ ವಾಟ್ಸಾಪ್‌ನಲ್ಲೇ ನಡೀತದೆ ಮೇಡಂ, ಬೇಜಾರ್ ಮಾಡ್ಕೋಬೇಡಿ." ಅವರ ಕೋಣೆ ಖಾಲಿ ಮಾಡಿದೆ. ವಠಾರದಲ್ಲಿ ಅರ್ಧ ಕೋಣೆಗಳು ಖಾಲಿ.

ಕನಕರಾಜನ ಪುಟದ ಲೆಕ್ಕ ತೆರೆದು ನೋಡಿದೆ. ಪುಣೆ ಇಲ್ಲ. ಮೊದಲು ಗುಬ್ಬಿ ಕಡೆಯದು ದಿನಕ್ಕೆ ಎಷ್ಟೋ ಸಲ ಇರುತ್ತಿತ್ತು. ಅದು ಗೌರಿ, ಗೊತ್ತು. ಅದೂ ಇಲ್ಲ. ತುಮಕೂರು ಒಂದೇ. ದಿನಾ ಬೆಳಗ್ಗೆ. ಅದು ನಾನು.

ಅಕ್ಟೋಬರ್ 21, ಸೋಮವಾರ

ಬೆಳಗ್ಗೆ ಗೌರಿಯ ಫೋನು. ಹೆಸರು ಕಂಡು ಒಂದೇ ರಿಂಗಿಗೆ ಎತ್ತಿದೆ.

"ಚೆನ್ನಾಗಿದೀರಾ ಅಕ್ಕ?"

"ಇದೀನಿ. ನೀನು?"

"ಇದೀನಿ. ಅಕ್ಕ, ಆ ಪೇಜ್‌ನಾಗೆ ನಾನು ಹೇಳಿ ಬರ್ಸಿದ್ದೆಲ್ಲ ಅಳಿಸ್ಬುಡಿ. ಫೋಟೋ ಇರ್ಲಿ, ನಂಬರ್ ಇರ್ಲಿ. ಅವ್ನಿಗಂತ ಹೇಳಿದ್ದು ಅದು. ಕಂಡೋರೆಲ್ಲ ಓದೋದು ಬೇಡ."

"ಆಯ್ತು ಗೌರಿ."

"ಕೋಪ ಇಲ್ಲ ಅಕ್ಕ ನಿಮ್ಮ ಮೇಲೆ. ಮೊದ್ಲು ಇತ್ತು." ಆಮೇಲೆ ಫೋನು ದೂರ ಹಿಡಿದು ಯಾರನ್ನೋ ಗದರಿದಳು. "ಏಯ್ ಪುಟ್ಟಿ, ಸೀರೆ ಬುಡೇ. ಬಟ್ಟೆ ತಿಂತೀಯಾ?"

"ಯಾರದು, ಅಂಗನವಾಡಿ ಮಗೂನಾ?"

"ಕರು ಅಕ್ಕ."

ಪುಟ ತೆರೆದು ಕೂತೆ. ಕೆಳಗಿನಿಂದ ಶುರು ಮಾಡಿದೆ. ಅನ್ನಾನೋ ರೊಟ್ಟೀನೋ — ಹೋಯಿತು. ಬೈಕು ಹೋಯಿತು. ಗೋಡೆ, ರಾಗಿ... ಒಂದೊಂದೇ ಸಾಲು ಮೇಲಕ್ಕೆ. ಈಗ ಒಂದು ಉಳಿದಿದೆ, ಅದರ ಕೊನೆಯ ‘ಇಡು’ ಕೂಡ ಅಳಿಸಿ ಆಯಿತು. ಹೆಸ್ರಿಟ್ಟಿಲ್ಲ. ನೀನೇ ಬಂದು